ಗೆಳೆಯನಿಗೊಂದು ಪತ್ರ: ಆ ಪದಕ ಮತ್ತು ರೈಲ್ವೆ ಕಾಗದಗಳ ಬಗ್ಗೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಹಳೆಯ ಪದಕದ ಫೋಟೋ, ಅದರ ಜೊತೆ ಟ್ರಂಕಿನಲ್ಲಿದ್ದ ರೈಲ್ವೆ ಕಾಗದಗಳ ಫೋಟೋ ಎರಡೂ ನೋಡಿದೆ. ಉಳಿದದ್ದು ಆಮೇಲೆ, ಮೊದಲು ಆ ಪದಕವನ್ನು ಉಜ್ಜಬೇಡ. ಬ್ರಾಸೋ, ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಓಕ್ ಎಲೆಗಳ ಹಾರ ಬೆಳ್ಳಿಯದು. ನಡುವಿನ ಕಿರೀಟ, ಅಕ್ಷರಗಳಿಗೆ ಚಿನ್ನದ ಮುಲಾಮು. ಉಜ್ಜುತ್ತಾ ಹೋದರೆ ಮುಲಾಮೂ ಹೋಗುತ್ತದೆ, ಹಿಂಬದಿಯ ಹಾಲ್‌ಮಾರ್ಕೂ ಸವೆಯುತ್ತದೆ. ಆ ಕಪ್ಪು, ಗಾಳಿಯ ಗಂಧಕದಿಂದ ಕೂತ ತೆಳು ಪದರ, ಅಷ್ಟೇ. ಇದ್ದರೆ ಇರಲಿ.

ಇದು ವಾಲಂಟಿಯರ್ ಆಫೀಸರ್ಸ್ ಡೆಕೊರೇಶನ್, ಅಂದರೆ ಸ್ವಯಂಸೇವಕ ಪಡೆಗಳ ಅಧಿಕಾರಿಗಳಿಗೆ ಕೊಡುತ್ತಿದ್ದ ಪದಕ. 1892ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ 1894ರಲ್ಲಿ ಭಾರತಕ್ಕೂ ವಸಾಹತುಗಳಿಗೂ ಬಂತು. ನಡುವೆ ಬರೀ ವಿ.ಆರ್. (ವಿಕ್ಟೋರಿಯಾ ರೆಜಿನಾ, ವಿಕ್ಟೋರಿಯಾ ರಾಣಿ) ಅಂತಿದ್ದರೆ ಬ್ರಿಟನ್ನಿನದು. ನಿನ್ನದರಲ್ಲಿ ವಿ.ಆರ್.ಐ. ಇದೆ; ಐ ಅಂದರೆ ಇಂಪರೇಟ್ರಿಕ್ಸ್, ಸಾಮ್ರಾಜ್ಞಿ. ಹಾಗಾಗಿ ಇದು ಭಾರತ, ವಸಾಹತುಗಳಿಗೆ ಕೊಟ್ಟ ಬಗೆ. ಶೌರ್ಯಕ್ಕೆ ಕೊಟ್ಟದ್ದಲ್ಲ, ದೀರ್ಘ ಸೇವೆಗೆ ಕೊಟ್ಟದ್ದು. ಕಾಗದದಲ್ಲಿ ಹೆಸರಿನ ಮುಂದೆ ಕಾಣುವ ವಿ.ಡಿ. ಇದೇ.

ಕಾಗದಗಳಲ್ಲಿ ಹೆಸರಿನ ಜೊತೆಗಿರುವ ‘ಮೇಜರ್’ ಅನ್ನುವ ಪದ ನೋಡಿ ಅನೇಕರು ದಾರಿ ತಪ್ಪುತ್ತಾರೆ. ಈ ಪದಕ ಪಡೆದಾತ ಖಾಯಂ ಸೈನ್ಯದವನಲ್ಲ. ರೈಲ್ವೆ ಕಂಪನಿಗಳ ಯುರೋಪಿಯನ್, ಆಂಗ್ಲೋ-ಇಂಡಿಯನ್ ನೌಕರರದೇ ವಾಲಂಟಿಯರ್ ರೈಫಲ್ಸ್ ಪಡೆಗಳಿದ್ದವು. ದಿನದ ಕೆಲಸ ಲೋಕೋ ಶೆಡ್ಡಿನಲ್ಲೋ ಟ್ರಾಫಿಕ್ ಕಚೇರಿಯಲ್ಲೋ, ಕವಾಯತಿನ ದಿನ ಸಮವಸ್ತ್ರ. ಹಾಗಾಗಿ ಸೈನ್ಯದ ಸೇವಾ ಕಡತಗಳಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ನೇಮಕ, ಬಡ್ತಿಗಳಿಗೆ ಆ ಕಾಲದ ಸರ್ಕಾರಿ ಪ್ರಕಟಣೆ ಗೆಜೆಟ್ ಆಫ್ ಇಂಡಿಯಾ ನೋಡು. ಕೆಲಸದ ವಿವರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ರೈಲ್ವೆ ಕಂಪನಿಗಳ ಎಲ್/ಎಜಿ/46 ಸರಣಿಯಲ್ಲಿ ಸಿಗಬಹುದು. ಮದುವೆ, ಮರಣಕ್ಕೆ ಅದೇ ದಾಖಲೆಗಳ ಎನ್ ಸರಣಿ: ಮದ್ರಾಸಿಗೆ ಎನ್/2, ಬಾಂಬೆಗೆ ಎನ್/3. ಧಾರವಾಡ, ಹುಬ್ಬಳ್ಳಿ ಬಾಂಬೆ ಪ್ರಾಂತ್ಯದಲ್ಲಿದ್ದವು ಅನ್ನುವುದನ್ನು ಮರೆಯಬೇಡ.

ತಾರೀಖಿಲ್ಲದ ಕಾಗದಕ್ಕೆ ಅದರ ತಲೆಬರಹವೇ ಸಾಕ್ಷಿ. ಧಾರವಾಡದಲ್ಲಿ ಮುಖ್ಯ ಕಚೇರಿಯಿದ್ದ ಸದರ್ನ್ ಮರಾಠಾ ರೈಲ್ವೆ 1882ರದು. 1908ರ ಜನವರಿ 1ಕ್ಕೆ ಮದ್ರಾಸ್ ರೈಲ್ವೆ ಜೊತೆ ಸೇರಿ ಎಂ ಅಂಡ್ ಎಸ್‌ಎಂ (ಮದ್ರಾಸ್ ಅಂಡ್ ಸದರ್ನ್ ಮರಾಠಾ) ಆಯಿತು. ಪಡೆಯ ಹೆಸರೂ ಹಾಗೇ: 1917ರವರೆಗೆ ವಾಲಂಟಿಯರ್, ಆಮೇಲೆ ಇಂಡಿಯನ್ ಡಿಫೆನ್ಸ್ ಫೋರ್ಸ್, 1920ರಿಂದ ಆಕ್ಸಿಲರಿ ಫೋರ್ಸ್. ಹಳೆಯ ಕಾಗದವನ್ನು ಮುಗಿಯುವವರೆಗೂ ಬಳಸುತ್ತಿದ್ದ ಕಚೇರಿಗಳಿರುತ್ತಿದ್ದವು, ಒಂದೆರಡು ವರ್ಷ ಆಚೀಚೆ ಬಿಡು.

ಈ ಪದಕವನ್ನು ಹೆಸರು ಕೆತ್ತದೆ ಕೊಟ್ಟದ್ದೂ ಉಂಟು. ನಿನ್ನದರಲ್ಲೂ ಹೆಸರಿಲ್ಲದಿದ್ದರೆ ಅದು ಯಾರದೆಂದು ಹೇಳುವುದು ಆ ಕಾಗದಗಳು ಮಾತ್ರ. ಅವೆರಡನ್ನೂ ಬೇರೆ ಮಾಡಬೇಡ, ಪದಕ ಮಾತ್ರ ಕೊಡು ಅಂದವರಿಗೆ ಕೊಡಬೇಡ. ನನಗೆ ಇದೇ ದೊಡ್ಡ ಕಾಳಜಿ. ಟ್ರಂಕಿನಲ್ಲಿದ್ದ ಕ್ರಮದಲ್ಲೇ ಕಾಗದಗಳ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ನಂಬರ್ ಹಾಕು.

ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡ, ತುಕ್ಕು ಕಾಗದದ ನಾರಿಗೆ ಕಚ್ಚಿಕೊಂಡಿರುತ್ತದೆ. ಪಿನ್ನಿಗೂ ಕಾಗದಕ್ಕೂ ನಡುವೆ ತೆಳು ಪಾಲಿಯೆಸ್ಟರ್ ಹಾಳೆಯ ತುಣುಕನ್ನು ಎರಡೂ ಕಡೆಯಿಂದ ಜಾರಿಸಿ, ಹಿಡಿತ ಸಡಿಲಾದ ಮೇಲೆ ನಿಧಾನ ಹೊರಗೆ ತೆಗೆ. ಲ್ಯಾಮಿನೇಶನ್, ಸೆಲ್ಲೋಟೇಪ್ ಬೇಡವೇ ಬೇಡ. ಪಿವಿಸಿ ಕವರ್ ಅಂಟಂಟಾಗುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ತಗೋ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿದೆ, ಪದಕದ ಹತ್ತಿರ ಇಡಬೇಡ.

ಇನ್ನು ಆ ಕಾಗದಗಳಲ್ಲಿರುವ ನೀಲಿ ನಕ್ಷೆಗಳು (ಬ್ಲೂಪ್ರಿಂಟ್). ಇಲ್ಲಿ ತಿಳಿದವರೂ ಎಡವುತ್ತಾರೆ. ಆಮ್ಲರಹಿತ ಅಂತ ಮಾರುವ ಬಹಳಷ್ಟು ಕಾಗದಕ್ಕೆ ಕ್ಷಾರ ಬೆರೆಸಿರುತ್ತಾರೆ. ಬೇರೆ ಪತ್ರಗಳಿಗೆ ಅದು ಒಳ್ಳೆಯದು, ನೀಲಿ ನಕ್ಷೆಯ ಬಣ್ಣವನ್ನು ಮಾತ್ರ ಅದೇ ತಿಂದುಹಾಕುತ್ತದೆ. ಕ್ಷಾರವಿಲ್ಲದ್ದನ್ನೇ ಕೇಳಿ ತಗೋ. ಬೆಳಕಿಗೆ ಮಾಸಿದ್ದರೆ ಕತ್ತಲಲ್ಲಿಡು, ನೀಲಿ ಸ್ವಲ್ಪಮಟ್ಟಿಗೆ ಮರಳುತ್ತದೆ.

ವಿದೇಶದಿಂದ ಕೊಳ್ಳುವವರು ಕೇಳಿದರೆ ಪೋಸ್ಟ್ ಮಾಡಬೇಡ. 1972ರ ಪುರಾವಸ್ತು ಕಾಯ್ದೆಯಲ್ಲಿ ಚಾರಿತ್ರಿಕ ಮಹತ್ವದ ವಸ್ತುವಿಗೆ 100 ವರ್ಷ, ದಾಖಲೆಗೆ 75 ವರ್ಷ ತುಂಬಿದ್ದರೆ ಪುರಾವಸ್ತು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಹಾಲ್‌ಮಾರ್ಕಿನ ಫೋಟೋ ಇನ್ನೊಂದು ತೆಗೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ತೀರಾ ಕೆಳಮಟ್ಟದಲ್ಲಿ ಹಿಡಿ, ಆಗ ಗುರುತುಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಅದರಲ್ಲಿ ವರ್ಷ ಸೂಚಿಸುವ ಅಕ್ಷರ ಓದಲು ಬಂದರೆ ಬೆಳ್ಳಿ ಪರೀಕ್ಷೆಯಾದ ವರ್ಷ ಸಿಗುತ್ತದೆ; ಗೆಜೆಟ್ಟನ್ನು ಆ ವರ್ಷದಿಂದ ಮುಂದಕ್ಕೆ ಹುಡುಕೋಣ.

ನಿನ್ನ ಗೆಳೆಯ