ಉಳಿಸಿದ ಸಮಯದಲ್ಲಿ ಒಬ್ಬರನ್ನು ಸಹಾಯಕ್ಕೆ ಕೂರಿಸಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಕಳೆದ ತಿಂಗಳು ನೆರೆಮನೆಯ ಅಕ್ಕನೊಬ್ಬರನ್ನು ಕರೆದುಕೊಂಡು ಉಡುಪಿಯ ಒಂದು ಬ್ಯಾಂಕ್ ಶಾಖೆಗೆ ಹೋಗಿದ್ದೆ. ಎಪ್ಪತ್ತೆರಡು ದಾಟಿದ ಅವರು ಹುಡುಗಿಯಾಗಿದ್ದಾಗಿನಿಂದ ಬೀಡಿ ಕಟ್ಟಿ ಮೂವರು ಮಕ್ಕಳನ್ನು ದಡ ಸೇರಿಸಿದವರು. ಭವಿಷ್ಯನಿಧಿಯಿಂದ ತಿಂಗಳಿಗೆ ಒಂದು ಸಾವಿರ ಚಿಲ್ಲರೆ ಪಿಂಚಣಿ ಬರುತ್ತದೆ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಂತ ಪ್ರಮಾಣಪತ್ರದ ಅವಧಿ ಮುಗಿದಿದ್ದರಿಂದ ಎರಡು ತಿಂಗಳಿನಿಂದ ಅದು ನಿಂತುಹೋಗಿತ್ತು. ಶಾಖೆಯಲ್ಲಿ ಬೆರಳಚ್ಚಿನ ಯಂತ್ರವನ್ನು ಅವರ ಮುಂದಿಟ್ಟರು. ಹೆಬ್ಬೆರಳು ಒತ್ತಿದರು, ಆಗಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಒತ್ತಿದರು, ಆಗಲಿಲ್ಲ. ಕೈ ತೊಳೆದು ಬಂದು ಎಡಗೈ, ಬಲಗೈ, ತೋರುಬೆರಳು ಎಲ್ಲವನ್ನೂ ಇಟ್ಟು ನೋಡಿದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಒದ್ದೆ ಎಲೆ, ಕತ್ತರಿ ಮತ್ತು ನೂಲಿನೊಂದಿಗೆ ತೇದ ಬೆರಳುಗಳವು, ಗೆರೆಗಳೇ ಉಳಿದಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿ, "ನನ್ನ ಬೆರಳು ನಂದಲ್ಲ ಅಂತ ಹೇಳ್ತದಾ ಈ ಮಿಷಿನು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚನ್ನು ಹೊಸದಾಗಿ ಕೊಟ್ಟು ಬನ್ನಿ ಎಂದರು. ಹೋದೆವು, ಆ ದಿನದ ಟೋಕನ್ ಮುಗಿದಿತ್ತು. ಮರುದಿನ ಮತ್ತೆ ಹೋಗಿ ಸರದಿಯಲ್ಲಿ ನಿಂತು ಬಂದದ್ದೂ ಫಲ ಕೊಡಲಿಲ್ಲ. ಮೂರನೆಯ ದಿನ ನಮ್ಮ ಕೇರಿಯ ಕಾಲೇಜು ಹುಡುಗಿಯೊಬ್ಬಳು ಸಂಗತಿ ಕೇಳಿ, ಅಕ್ಕನನ್ನು ಮನೆಯ ಜಗಲಿಯಲ್ಲಿ ಬೆಳಕಿಗೆ ಮುಖಮಾಡಿ ಕೂರಿಸಿ, ತನ್ನ ಮೊಬೈಲಿನಲ್ಲಿ ಮುಖದ ಮೂಲಕವೇ ದೃಢೀಕರಣ ಮಾಡಿಸಿ, ಹತ್ತು ನಿಮಿಷದಲ್ಲಿ ಪ್ರಮಾಣಪತ್ರ ಸಲ್ಲಿಸಿಬಿಟ್ಟಳು. ಬೆರಳು ಕೂಡಿಬರದವರಿಗೆಂದೇ ಇಂಥ ಅನುಕೂಲ ಇದೆ. ಮನೆಗೇ ಬಂದು ಈ ಕೆಲಸ ಮಾಡಿಕೊಡುವ ಸೇವೆ ಅಂಚೆ ಇಲಾಖೆಯಲ್ಲೂ ಇದೆ. ಅದನ್ನು ಬಾಯಿಬಿಟ್ಟು ಹೇಳುವವರು ಮಾತ್ರ ನಾವು ಅಲೆದ ಎರಡು ದಿನಗಳಲ್ಲಿ ಎಲ್ಲಿಯೂ ಸಿಗಲಿಲ್ಲ.

ಆ ಶಾಖೆಯ ಸಿಬ್ಬಂದಿಯನ್ನು ದೂರುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಕೌಂಟರಿನಲ್ಲಿದ್ದ ತರುಣ ಒಂದು ಕಿವಿಯಲ್ಲಿ ಫೋನ್ ಇಟ್ಟುಕೊಂಡು, ಇನ್ನೊಬ್ಬರ ಸಾಲದ ಕಾಗದ ನೋಡುತ್ತಾ, ನಡುವೆಯೇ ನಮ್ಮನ್ನೂ ವಿಚಾರಿಸುತ್ತಿದ್ದ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಆ ಒತ್ತಡ ಅರ್ಥವಾಗುತ್ತದೆ. ನನ್ನ ಪ್ರಶ್ನೆ ಬೇರೆ. ಯಂತ್ರಗಳು ಬಂದು ಬ್ಯಾಂಕಿನ ಎಷ್ಟೋ ಗಂಟೆಗಳ ಕೆಲಸ ಉಳಿಯಿತಲ್ಲ, ಆ ಉಳಿದ ಸಮಯ ಯಾರ ಪಾಲಿಗೆ ಹೋಯಿತು?

ನಾನು 1980ರ ದಶಕದ ಆರಂಭದಲ್ಲಿ ಗುಮಾಸ್ತನಾಗಿ ಸೇರಿದಾಗ ಎಲ್ಲವೂ ಲೆಡ್ಜರಿನಲ್ಲಿ ಕೈಬರಹ. ಹಿತ್ತಾಳೆಯ ಟೋಕನ್ ಹಿಡಿದು ಗಿರಾಕಿಗಳು ಬೆಂಚಿನಲ್ಲಿ ಕಾಯುತ್ತಿದ್ದರು. ಅರ್ಧ ವರ್ಷದ ಲೆಕ್ಕ ಮುಗಿಸುವಾಗ ಬ್ಯಾಲೆನ್ಸಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಹನ್ನೊಂದರವರೆಗೆ ಪುಟ ತಿರುವಬೇಕಾಗಿತ್ತು. ಆ ಕಾಲ ಮರಳಲಿ ಎಂದು ನಾನು ಎಂದಿಗೂ ಬಯಸುವುದಿಲ್ಲ. ದೂರದ ಊರಿನಲ್ಲಿ ದುಡಿಯುವ ಮಗ ಕಳುಹಿಸಿದ ಡಿಮ್ಯಾಂಡ್ ಡ್ರಾಫ್ಟ್ ಕೈಸೇರಿ ನಗದಾಗುವವರೆಗೆ ತಾಯಂದಿರು ದಿನಗಟ್ಟಲೆ ಕಾಯುತ್ತಿದ್ದುದನ್ನು ಕಂಡವನಿಗೆ, ಇಂದು ಅದೇ ಹಣ ಕ್ಷಣದಲ್ಲಿ ಖಾತೆಗೆ ಬೀಳುವುದರ ಬೆಲೆ ಗೊತ್ತಿದೆ. ಆದರೆ ಆಗ ಕಂಪ್ಯೂಟರ್ ಹೇಗೆ ಬಂತು ಎಂಬುದನ್ನೂ ನೆನಪಿಸಬೇಕು. ನೌಕರರ ಸಂಘಗಳು ವಿರೋಧಿಸಿದವು, ನಾನೂ ಬಿಲ್ಲೆ ಧರಿಸಿ ಕೆಲಸ ಮಾಡಿದವನೇ. 1983ರಲ್ಲಿ, ಮತ್ತೆ 1993ರಲ್ಲಿ ಬ್ಯಾಂಕುಗಳ ಒಕ್ಕೂಟ ಮತ್ತು ಸಂಘಗಳು ಮೇಜಿನ ಎದುರುಬದುರು ಕೂತು ಒಪ್ಪಂದ ಮಾಡಿಕೊಂಡವು. ಕೆಲಸ ಹೋದೀತೆಂಬ ನಮ್ಮ ಭಯದಲ್ಲಿ ಅರ್ಧ ಸುಳ್ಳಾಯಿತು; ಅದು ಸುಳ್ಳಾದದ್ದಕ್ಕೆ ಒಂದು ಕಾರಣ ಆ ಮಾತುಕತೆಯೇ ಎಂದು ನಾನು ನಂಬಿದ್ದೇನೆ. ಇಂದು ಆ್ಯಪ್ ರಾತ್ರೋರಾತ್ರಿ ಬದಲಾಗುತ್ತದೆ. ಬಳಸುವವರನ್ನಾಗಲಿ, ಕೌಂಟರಿನಲ್ಲಿ ಕೂತವರನ್ನಾಗಲಿ ಯಾರೂ ಕೇಳುವುದಿಲ್ಲ.

ಇದು ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ನಡೆಯುತ್ತಿರುವುದು ನನಗೆ ಹೆಚ್ಚು ನೋವಿನ ಸಂಗತಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಸ್ಥಾಪಿಸಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯ ಬ್ಯಾಂಕ್ ಇದೇ ಮಣ್ಣಿನಲ್ಲಿ ಹುಟ್ಟಿದವು. ಇವುಗಳಲ್ಲಿ ಸಿಂಡಿಕೇಟ್ ಬ್ಯಾಂಕಿನ ಹುಟ್ಟಿನ ಕತೆ ಈ ಪತ್ರದ ವಿಷಯಕ್ಕೆ ತೀರ ಹತ್ತಿರದ್ದು. ಕೈಮಗ್ಗದ ಉದ್ಯಮ ಕುಸಿದು ಕಂಗಾಲಾಗಿದ್ದ ಸ್ಥಳೀಯ ನೇಕಾರರಿಗೆ ಆಸರೆಯಾಗಲೆಂದು ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಅದನ್ನು ಆರಂಭಿಸಿದರು. ಕಸುಬಿಗೆ ಪೆಟ್ಟು ಬಿದ್ದವರ ಕೈಹಿಡಿಯಲು ಹುಟ್ಟಿದ ಸಂಸ್ಥೆ ಅದು.

1928ರಲ್ಲಿ ಅವರು ತಂದ ಪಿಗ್ಮಿ ಎಂಬ ದಿನನಿತ್ಯದ ಉಳಿತಾಯ ಯೋಜನೆಯನ್ನು ಇಲ್ಲಿನ ಹಿರಿಯರಿಗೆ ವಿವರಿಸಬೇಕಿಲ್ಲ. ದಿನಕ್ಕೆ ಎರಡಾಣೆಯಾದರೂ ಸರಿ, ಸಂಗ್ರಾಹಕ ಮನೆಬಾಗಿಲಿಗೇ ಬಂದು ಪಡೆದು ಕಾರ್ಡಿನಲ್ಲಿ ಬರೆದು ಹೋಗುತ್ತಿದ್ದ. ನಮ್ಮ ಶಾಖೆಯ ಪಿಗ್ಮಿ ಸಂಗ್ರಾಹಕರೊಬ್ಬರ ಜೊತೆ ಒಂದು ಬೆಳಿಗ್ಗೆ ಮಲ್ಪೆಯ ಮೀನು ಮಾರುಕಟ್ಟೆಗೆ ಹೋಗಿದ್ದೆ. ಮೀನು ಮಾರುವ ಮಹಿಳೆಯರು ಒದ್ದೆ ಕೈಯಿಂದ ಸೊಂಟದ ಚೀಲ ಬಿಚ್ಚಿ ಐದರ, ಹತ್ತರ ನೋಟು ಕೊಡುತ್ತಿದ್ದರು. ಆತ ಅದನ್ನು ಅಂಗೈಯಲ್ಲಿ ನೀವಿ ಒಣಗಿಸಿ ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ, ಯಾರ ಮಗಳ ಮದುವೆ ಯಾವ ತಿಂಗಳು, ಯಾರ ಖಾತೆಗೆ ನಾಮನಿರ್ದೇಶನ ಆಗಿಲ್ಲ, ಯಾರಿಗೆ ಸಾಲದ ಕಂತು ಕಟ್ಟಲು ಈ ವಾರ ಕಷ್ಟ ಎಂಬುದೆಲ್ಲ ಮಾತಿನಲ್ಲೇ ತಿಳಿದುಬಿಡುತ್ತಿತ್ತು. ಮಧ್ಯಾಹ್ನ ಶಾಖೆಗೆ ಬಂದು ಅದನ್ನೆಲ್ಲ ನಮಗೆ ಹೇಳುತ್ತಿದ್ದ. ಬ್ಯಾಂಕು ಅವನಿಗೆ ಕಮಿಷನ್ ಕೊಡುತ್ತಿದ್ದದ್ದು ಹಣ ತಂದದ್ದಕ್ಕೆ ಮಾತ್ರ. ಈ ಉಳಿದ ಕೆಲಸಕ್ಕೆ ಯಾವ ಲೆಕ್ಕದ ಪುಸ್ತಕದಲ್ಲೂ ಜಾಗವಿರಲಿಲ್ಲ, ಹಾಗಾಗಿ ಅದು ನಿಂತುಹೋದಾಗ ನಷ್ಟವೆಂದೂ ಯಾರಿಗೂ ಕಾಣಲಿಲ್ಲ.

ಕಾರ್ಡು ಹೋಗಿ ರಸೀದಿ ಮುದ್ರಿಸುವ ಕೈಯಂತ್ರ ಬಂತು. ಆಮೇಲೆ ಮೊಬೈಲ್ ಬಂತು. 2016ರಲ್ಲಿ ಯುಪಿಐ ಆರಂಭವಾದ ಮೇಲೆ ಗೂಡಂಗಡಿಯಲ್ಲೂ ಕ್ಯೂಆರ್ ಕೋಡಿನ ಫಲಕ ಬಂದಿದೆ, ಹಣ ಬಂತೆಂದು ಪೆಟ್ಟಿಗೆಯೇ ಕೂಗಿ ಹೇಳುತ್ತದೆ. ನಮ್ಮ ರಸ್ತೆಯ ಎಳನೀರಿನ ಅಂಗಡಿಯವರು ಮೊನ್ನೆ ನನ್ನೊಡನೆ ಹೇಳಿದರು: "ಮೊದಲು ಪಿಗ್ಮಿಯವ್ರು ಬಂದು ಎದುರಿಗೆ ನಿಲ್ತಿದ್ರು ಸಾರ್, ಕೊಡದೆ ಕಳಿಸ್ಲಿಕ್ಕೆ ಮನಸ್ಸು ಬರ್ತಿರ್ಲಿಲ್ಲ. ಈಗ ಹಣ ಖಾತೆಗೆ ಬರ್ತದೆ, ಹಾಗೇ ಹೋಗ್ತದೆ." ಹಣ ಕೊಡುವುದನ್ನು ತಂತ್ರಜ್ಞಾನ ಬಹಳ ಸುಲಭ ಮಾಡಿದೆ. ಸಣ್ಣ ಆದಾಯದವರು ಕೂಡಿಡಲು ಬೇಕಾದ ಒತ್ತಾಸೆ ಮಾತ್ರ ಬಾಗಿಲಿಗೆ ಬರುತ್ತಿದ್ದ ಆ ಮನುಷ್ಯನಿಂದಲೇ ಸಿಗುತ್ತಿತ್ತು. ಇಂದಿಗೂ ಕರಾವಳಿಯ ಎಷ್ಟೋ ಸಹಕಾರಿ ಸಂಘಗಳು ಪಿಗ್ಮಿ ಸಂಗ್ರಾಹಕರನ್ನು ಉಳಿಸಿಕೊಂಡಿವೆ, ಜನ ಅವುಗಳ ಕಡೆ ಹೋಗುವುದಕ್ಕೆ ಇದೂ ಒಂದು ಕಾರಣ.

ಈ ಸಂಗ್ರಾಹಕರಿಗೆ ಸಿಕ್ಕಿದ್ದಾದರೂ ಏನು? ಅವರೂ ಕಾರ್ಮಿಕರೇ ಎಂದು ಒಪ್ಪಿಸಲು ದಶಕಗಳ ಹೋರಾಟ ಬೇಕಾಯಿತು. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ಕನಿಷ್ಠ ಆದಾಯ, ಗ್ರಾಚ್ಯುಯಿಟಿ ಕೊಡಬೇಕೆಂದು ಹೇಳಿತು. ಅದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ಕಾಲು ಸೋತು ಮನೆ ಸೇರಿದ್ದರು. ಅವರು ಬಿಟ್ಟ ಕೆಲಸಕ್ಕೆ ಅನೇಕ ಕಡೆ ಹೊಸಬರು ಬರಲಿಲ್ಲ.

ಮೇಲಿನಿಂದ ವಿಲೀನಗಳು ಬಂದವು. 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕ್, ಮರುವರ್ಷ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಒಂದೇ ಸಾಫ್ಟ್‌ವೇರಿಗೆ ಹೊಂದಿಸಲು ಹಣ ಕಳುಹಿಸಲು ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು, ಹಳೆಯ ಚೆಕ್ ಪುಸ್ತಕಗಳು ನಡೆಯದಂತಾದವು. ಕಾಗದದ ಮೇಲೆ ಇದು ಸಣ್ಣ ಬದಲಾವಣೆ. ಪಾಸ್‌ಬುಕ್ಕಿನ ಮೇಲಿನ ಹೆಸರನ್ನೇ ನಂಬಿ ಬಂದಿದ್ದ ವೃದ್ಧರಿಗೆ ತಮ್ಮ ಹಣ ಈಗ ಎಲ್ಲಿದೆ ಎಂಬುದೇ ಚಿಂತೆಯಾಗಿತ್ತು.

ಹಾಗಾಗಿ ಬ್ಯಾಂಕುಗಳ ಮುಖ್ಯಸ್ಥರಲ್ಲಿ ನನ್ನ ಮೊದಲ ಕೋರಿಕೆ: ಪ್ರತಿ ಶಾಖೆಯಲ್ಲೂ ದಿನಕ್ಕೆ ಎರಡು ಗಂಟೆಯಾದರೂ, ಗುರಿ ಮುಟ್ಟುವ ಹೊಣೆ ಇಲ್ಲದ, ಕನ್ನಡ ಮತ್ತು ತುಳು ಬಲ್ಲ ಒಬ್ಬರನ್ನು ಸಹಾಯಕ್ಕೆಂದೇ ಕೂರಿಸಿ. ಬೆರಳಚ್ಚು ಹೊಂದದವರಿಗೆ ಏನು ದಾರಿ, ಮೋಸದ ಕರೆ ಬಂದರೆ ಏನು ಮಾಡಬೇಕು, ಆ್ಯಪ್ ಬದಲಾದರೆ ಹೇಗೆ ಎಂಬುದನ್ನು ಹೇಳಿಕೊಡುವುದೇ ಅವರ ಕೆಲಸವಾಗಿರಲಿ. ಎಪ್ಪತ್ತು ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಬಾಗಿಲಿನಲ್ಲೇ ಸೇವೆ ಕೊಡುವಂತೆ ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಸೂಚನೆ ನೀಡಿದೆ. ಅದರ ಫಲಕ ನಮ್ಮ ಶಾಖೆಗಳಲ್ಲಿ ಎದ್ದುಕಾಣುವಂತೆ ಇರಲಿ. ಸಹಕಾರಿ ಸಂಘಗಳು ತಮ್ಮ ಪಿಗ್ಮಿ ಸಂಗ್ರಾಹಕರಿಗೆ ಜೀವಂತ ಪ್ರಮಾಣಪತ್ರ ಮಾಡಿಸುವ ತರಬೇತಿ ಕೊಟ್ಟು, ಅದಕ್ಕೆ ಪ್ರತ್ಯೇಕ ಸಂಭಾವನೆ ನಿಗದಿ ಮಾಡಿದರೆ, ದಿನವೂ ಬೀದಿ ಸುತ್ತುವ ಅವರಿಗೂ ಒಂದಿಷ್ಟು ಆದಾಯ ಆಗುತ್ತದೆ. ಕಟ್ಟಿದ ಬೀಡಿಯನ್ನು ಒಪ್ಪಿಸುವ ಬೀಡಿ ಬ್ರಾಂಚುಗಳಲ್ಲಿ ವರ್ಷಕ್ಕೊಮ್ಮೆ ಶಿಬಿರ ನಡೆಸುವುದೂ ಕಷ್ಟದ ಮಾತಲ್ಲ. ಬೀಡಿ ಕಟ್ಟಿದವರೆಲ್ಲ ಒಂದಲ್ಲ ಒಂದು ಬ್ರಾಂಚಿಗೆ ಬೀಡಿ ಹೊತ್ತು ಹೋದವರೇ, ದಾರಿ ಅವರಿಗೆ ಗೊತ್ತಿದೆ.

ಅಕ್ಕನ ಪಿಂಚಣಿ ಈ ತಿಂಗಳು ಬಾಕಿ ಸಮೇತ ಖಾತೆಗೆ ಬಂದಿದೆ. ಮುಂದಿನ ವರ್ಷ ಇದೇ ಹೊತ್ತಿಗೆ ಅವರು ಮತ್ತೆ ಪ್ರಮಾಣಪತ್ರ ಕೊಡಬೇಕು. ಅವರಿಗೆ ಸಹಾಯ ಮಾಡಿದ ಹುಡುಗಿ ಅಷ್ಟರಲ್ಲಿ ಕಾಲೇಜು ಮುಗಿಸಿ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿರುತ್ತಾಳೆ.

ಇಂತು,
ಓರ್ವ ನಿವೃತ್ತ ಬ್ಯಾಂಕ್ ನೌಕರ, ಉಡುಪಿ