ಕುರ್ಚಿ ಎಳೆಯುವ ಲೆಕ್ಕ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ, 3ಡಿ ಕೋಣೆಯಲ್ಲಿ ಸಾಮಾನು ಜೋಡಿಸುವ ಪ್ರೋಗ್ರಾಮ್ ನೋಡಿದೆ. ಗೋಡೆ, ಕಿಟಕಿ, ನೆಲದ ಮೇಲಿನ ನೆರಳು ಎಲ್ಲಾ ಚೆನ್ನಾಗಿ ಬಂದಿದೆ. ಮೌಸ್‌ನಿಂದ ಕುರ್ಚಿ ಎಳೆಯುವುದೊಂದು ಸರಿಯಿಲ್ಲ. ಕ್ಯಾಮೆರಾ ಹತ್ತಿರ ಇದ್ದರೆ ಕುರ್ಚಿ ಕರ್ಸರ್‌ಗಿಂತ ಮುಂದೆ ಓಡುತ್ತದೆ, ದೂರ ಇದ್ದರೆ ಹಿಂದೆ ಉಳಿಯುತ್ತದೆ. ಮೌಸ್ ಸರಿದಷ್ಟು ಪಿಕ್ಸೆಲನ್ನು 0.01ರಿಂದ ಗುಣಿಸಿ ಅಷ್ಟು ಮೀಟರ್ ಕುರ್ಚಿಯನ್ನು ಸರಿಸಿದ್ದೀಯ. "ಇದರ ಬದಲು ಎಷ್ಟು ಹಾಕಲಿ ಮಾವ?" ಅಂತ ಕೇಳಿದ್ದೀಯ.

ಯಾವ ಸಂಖ್ಯೆ ಹಾಕಿದರೂ ಸರಿಹೋಗುವುದಿಲ್ಲ ಕಣೆ. ಕ್ಯಾಮೆರಾದ ನೋಟದ ಕೋನ 60 ಡಿಗ್ರಿ, ಕ್ಯಾನ್ವಾಸ್ (ಪರದೆಯಲ್ಲಿ ಚಿತ್ರ ಮೂಡುವ ಚೌಕ) ಎತ್ತರ 1000 ಪಿಕ್ಸೆಲ್ ಅಂದುಕೋ. 10 ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 1.15 ಸೆಂಟಿಮೀಟರ್. 2 ಮೀಟರ್ ದೂರದಲ್ಲಿ ಅದೇ ಪಿಕ್ಸೆಲ್ 0.23 ಸೆಂಟಿಮೀಟರ್. ಅಂದರೆ ನಿನ್ನ 0.01 ಮೀಟರ್, ಅಂದರೆ 1 ಸೆಂಟಿಮೀಟರ್, ಒಂದು ಕಡೆ ಹೆಚ್ಚೂಕಮ್ಮಿ ಸರಿ, ಇನ್ನೊಂದು ಕಡೆ ನಾಲ್ಕು ಪಟ್ಟು ತಪ್ಪು. ಸಾಲದ್ದಕ್ಕೆ ನಿನ್ನ ಕ್ಯಾಮೆರಾ ನೆಲವನ್ನು ಓರೆಯಾಗಿ ನೋಡುತ್ತಿದೆ. ಕರ್ಸರ್ ಮೇಲಕ್ಕೆ ಸರಿದರೆ ನೆಲದ ಮೇಲೆ ಆಗುವ ದೂರ ಪಕ್ಕಕ್ಕೆ ಸರಿದಾಗಿನದಕ್ಕಿಂತ ಜಾಸ್ತಿ.

ಗುಣಾಕಾರ ಬಿಡು. ನೀನು ಹಿಡಿದ ಜಾಗ ಕರ್ಸರ್ ಕೆಳಗೇ ಇರಬೇಕು, ಅಷ್ಟೇ. ಮನೆಯಲ್ಲಿ ಬೀರುವಿನ ಮೂಲೆ ಹಿಡಿದು ಎಳೆದರೆ ಕೈ ಆ ಮೂಲೆಯಲ್ಲೇ ಇರುತ್ತದೆ, ನಡುವಿಗೆ ಜಾರುವುದಿಲ್ಲ ಅಲ್ವಾ?

ಮೌಸ್ ಕೊಡುವುದು ಎರಡು ಸಂಖ್ಯೆ (ಅಡ್ಡ, ಉದ್ದ), ಕೋಣೆಗೆ ಆಳವೂ ಸೇರಿ ಬೇಕಾದದ್ದು ಮೂರು. ಮೂರನೆಯದನ್ನು ಯಾವ ಲೈಬ್ರರಿಯೂ ಊಹಿಸಲಾರದು, ನೀನೇ ತೀರ್ಮಾನಿಸಬೇಕು. ಕುರ್ಚಿ ನೆಲಕ್ಕೆ ಸಮಾನಾಂತರವಾಗಿ ಸರಿಯಬೇಕು, ಗೋಡೆಯ ಫೋಟೋ ಗೋಡೆಗೆ ಸಮಾನಾಂತರವಾಗಿ. ಬ್ರೌಸರ್‌ನಲ್ಲಿ 3ಡಿ ಚಿತ್ರ ತೋರಿಸುವ ಲೈಬ್ರರಿಯಾದ ತ್ರೀ.ಜೆಎಸ್ ಜೊತೆ ಬರುವ, ವಸ್ತು ಎಳೆಯುವ ಸಿದ್ಧ ಕೋಡ್ ಡ್ರ್ಯಾಗ್‌ಕಂಟ್ರೋಲ್ಸ್ ಹಾಕಿದರೆ ಕೆಲಸ ಮುಗಿಯಿತು ಅಂತ ಯಾರಾದರೂ ಹೇಳಬಹುದು. ಅದು ಸಾಮಾನ್ಯವಾಗಿ ಕ್ಯಾಮೆರಾಗೆ ಎದುರಾಗಿ ನಿಂತ ಪ್ಲೇನ್ (ಕಣ್ಣಿಗೆ ಕಾಣದ ಚಪ್ಪಟೆ ಹಾಳೆ) ಮೇಲೆ ವಸ್ತುವನ್ನು ಸರಿಸುತ್ತದೆ. ಕುರ್ಚಿ ನೆಲ ಬಿಟ್ಟು ಮೇಲೇಳುತ್ತದೆ. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಒಂದು ಡಬ್ಬಿ ಇಟ್ಟು ಜಿ ಒತ್ತಿ ಸರಿಸು, ಸರಿಸುತ್ತಿರುವಾಗಲೇ ಶಿಫ್ಟ್ ಹಿಡಿದು ಝಡ್ ಒತ್ತು, ಆಗ ಡಬ್ಬಿ ನೆಲಕ್ಕೆ ಸಮಾನಾಂತರವಾಗಿ ಮಾತ್ರ ಸರಿಯುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಈಗ ಕೋಡ್. ಕರ್ಸರ್‌ನ ಜಾಗವನ್ನು -1ರಿಂದ 1ರ ಅಳತೆಗೆ ತಾ. ಕ್ಯಾನ್ವಾಸ್ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದ ಅಳೆ, ವಿಂಡೋ ಮೂಲೆಯಿಂದ ಅಲ್ಲ. ಪರದೆಯಲ್ಲಿ ವೈ ಕೆಳಮುಖ, ಈ ಅಳತೆಯಲ್ಲಿ ಮೇಲ್ಮುಖ, ಚಿಹ್ನೆ ತಿರುಗಿಸು. ಆ ಅಳತೆಯನ್ನು ತ್ರೀ.ಜೆಎಸ್‌ನ ರೇಕಾಸ್ಟರ್‌ಗೆ ಕೊಟ್ಟರೆ ಕ್ಯಾಮೆರಾದಿಂದ ಆ ಪಿಕ್ಸೆಲ್ ಮೂಲಕ ಹೊರಡುವ ಕಿರಣ ಸಿಗುತ್ತದೆ. ಅದು ಕುರ್ಚಿಗೆ ಎಲ್ಲಿ ತಾಗಿತೋ ಅದೇ ನೀನು ಹಿಡಿದ ಬಿಂದು.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಕುರ್ಚಿ ಸರಿಯುವುದು ನೆಲದ ಮೇಲೆ ತಾನೇ ಅಂತ ಪ್ಲೇನನ್ನು ನೆಲದಲ್ಲೇ ಇಡುತ್ತಾರೆ. ನೀನು ಹಿಡಿದದ್ದು ಒರಗುವ ಹಲಗೆಯ ತುದಿ, ನೆಲದಿಂದ 90 ಸೆಂಟಿಮೀಟರ್ ಮೇಲೆ ಅಂದುಕೋ. ಆ ಕಿರಣ ನೆಲ ಮುಟ್ಟುವುದು ಕುರ್ಚಿಯ ಎಷ್ಟೋ ಹಿಂದೆ. ಕುರ್ಚಿ ಒಮ್ಮೆಲೇ ಅಲ್ಲಿಗೆ ಹಾರುತ್ತದೆ. ಅದಕ್ಕೇ ಪ್ಲೇನ್ ನೆಲಕ್ಕೆ ಸಮಾನಾಂತರವಾಗಿರಲಿ, ಆದರೆ ಹಿಡಿದ ಬಿಂದುವಿನ ಎತ್ತರದಲ್ಲಿರಲಿ. ಕುರ್ಚಿಯ ಸ್ಥಾನದಿಂದ ಆ ಬಿಂದುವನ್ನು ಕಳೆದು ಬರುವ ಅಂತರವನ್ನು ಬಟನ್ ಒತ್ತಿದ ಕ್ಷಣವೇ ಬರೆದಿಟ್ಟುಕೋ. ಮೌಸ್ ಸರಿದಾಗಲೆಲ್ಲ ಕಿರಣ ಪ್ಲೇನಿಗೆ ತಾಗುವ ಹೊಸ ಬಿಂದುವಿಗೆ ಆ ಅಂತರ ಕೂಡಿಸು. ಹಿಂದಿನ ಹೆಜ್ಜೆಗೆ ಇಷ್ಟಿಷ್ಟೇ ಸೇರಿಸುತ್ತಾ ಹೋಗಬೇಡ. ಹಾಗೆ ಮಾಡಿದರೆ ಗೋಡೆಗೆ ತಾಗಿ ನಿಂತ ಕುರ್ಚಿ ವಾಪಸ್ ಬರುವಾಗ ಕರ್ಸರ್ ಜೊತೆಗಿನ ಹೊಂದಾಣಿಕೆ ತಪ್ಪುತ್ತದೆ.

ಕ್ಯಾಮೆರಾ ತೀರಾ ತಗ್ಗಿದಾಗ ಕಿರಣ ಪ್ಲೇನಿಗೆ ಹೆಚ್ಚೂಕಮ್ಮಿ ಸಮಾನಾಂತರವಾಗುತ್ತದೆ. ಆಗ ಸೊನ್ನೆಗೆ ಹತ್ತಿರದ ಸಂಖ್ಯೆಯಿಂದ ಭಾಗಿಸಿದ ಹಾಗಾಗಿ ಕುರ್ಚಿ ಊರಾಚೆ ಹೋಗುತ್ತದೆ. ಕರ್ಸರ್ ಇನ್ನೂ ಮೇಲೆ ಹೋದರೆ ಕಿರಣ ಪ್ಲೇನಿಗೆ ತಾಗುವುದೇ ಇಲ್ಲ, ನಲ್ (ಉತ್ತರವಿಲ್ಲ ಅನ್ನುವ ಸೂಚನೆ) ಬರುತ್ತದೆ. ನಲ್ ಬಂದರೆ ಕುರ್ಚಿ ಇದ್ದಲ್ಲೇ ಇರಲಿ. ಉಳಿದಂತೆ ಸ್ಥಾನವನ್ನು ಗೋಡೆಗಳ ಒಳಗೇ ಕಟ್ಟಿಹಾಕು.

ಕುರ್ಚಿ ತಿರುಗಿಸುವುದಕ್ಕೆ ಆರ್ಕ್‌ಬಾಲ್ (ವಸ್ತುವನ್ನು ಚೆಂಡಿನ ಹಾಗೆ ಯಾವ ಕಡೆಗಾದರೂ ಮೌಸ್‌ನಿಂದ ತಿರುಗಿಸುವ ವಿಧಾನ) ಹಾಕುತ್ತೇನೆ ಅಂದಿದ್ದೀಯ. ಕೆನ್ ಶೂಮೇಕ್ 1992ರಲ್ಲಿ ಪ್ರಕಟಿಸಿದ ವಿಧಾನ ಅದು, ಸೊಗಸಾಗಿದೆ. ಮೌಸ್ ಹೊರಟ ಜಾಗಕ್ಕೇ ವಾಪಸ್ ಬಂದರೆ ವಸ್ತುವೂ ಮೊದಲಿನ ಭಂಗಿಗೆ ಬರುತ್ತದೆ. ಹೂಜಿಯನ್ನೋ ಶಿಲ್ಪವನ್ನೋ ಸುತ್ತಲೂ ತಿರುಗಿಸಿ ನೋಡಲು ಅದು ಸರಿ. ನಿನ್ನ ಕುರ್ಚಿ ಮಾತ್ರ ತಲೆಕೆಳಗಾಗುತ್ತದೆ. ನೆಲದಿಂದ ನೆಟ್ಟಗೆ ಮೇಲೇಳುವ ವೈ ಅಕ್ಷದ ಸುತ್ತ ಅದು ತಿರುಗಿದರೆ ಸಾಕು.

ಎಳೆಯುವಷ್ಟು ಹೊತ್ತು, ಮೌಸ್‌ನಿಂದ ಕ್ಯಾಮೆರಾವನ್ನು ಸುತ್ತಿಸುವ ಆರ್ಬಿಟ್‌ಕಂಟ್ರೋಲ್ಸ್ ಆಫ್ ಮಾಡು, ಇಲ್ಲದಿದ್ದರೆ ಕುರ್ಚಿಯ ಜೊತೆ ಕೋಣೆಯೂ ತಿರುಗುತ್ತದೆ. ಬಟನ್ ಒತ್ತಿದಾಗ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಕರೆ, ಕರ್ಸರ್ ಕ್ಯಾನ್ವಾಸ್ ದಾಟಿದರೂ ಹಿಡಿತ ತಪ್ಪುವುದಿಲ್ಲ. ಎಸ್ಕೇಪ್ ಒತ್ತಿದರೆ ಕುರ್ಚಿ ಮೊದಲಿದ್ದ ಜಾಗಕ್ಕೆ ಮರಳಲಿ. ಇದನ್ನು ಆಮೇಲೆ ಸೇರಿಸೋಣ ಅನ್ನಬೇಡ, ಈಗಲೇ ಸೇರಿಸು.

ಇಷ್ಟು ಮಾಡಿ ಲಿಂಕ್ ಕಳಿಸು. ಗೋಡೆಯ ಫೋಟೋ ಸರಿಸುವ ಕೋಡನ್ನು ನೀನೇ ಬರೆ, ನಾನು ಹೇಳುವುದಿಲ್ಲ. ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ