ತಣ್ಣಗಿದ್ದ ಕೈ

ರಾಯಚೂರು

ನನ್ನ ಪುಟ್ಟವ್ವ,

ನಿನ್ನೆ ಫೋನಿನಲ್ಲಿ ಅರ್ಧ ಉತ್ತರ ಕೊಟ್ಟು ಡ್ಯೂಟಿಗೆ ಓಡಿದೆ. ಪೇಷೆಂಟ್ ಮೈ ತಣ್ಣಗಾದರೆ ಸ್ನಾಯು ಸಡಿಲಿಸುವ ಇಂಜೆಕ್ಷನ್ ಯಾಕೆ ಬೇಗ ಇಳಿಯಲ್ಲ ಅಂತ ಕೇಳಿದ್ದೆಯಲ್ಲ, ಈಗ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಮೇ ತಿಂಗಳ ಬಿಸಿಲು ನಿನಗೆ ಗೊತ್ತು. ಹೊರಗೆ ಹೆಂಚು ಕಾದ ಹಾಗೆ. ಆಪರೇಷನ್ ಮಾಡುವ ಓಟಿ ಒಳಗೆ ಕಾಲಿಟ್ಟರೆ ಎಸಿ ಗಾಳಿ ನಮಗೆ ಹಿತ. ಆದರೆ ಹೊಟ್ಟೆ ತೆರೆದು ಮಲಗಿಸಿದವರ ಮೈ ಇದೇ ರಾಯಚೂರಿನಲ್ಲಿ, ಇದೇ ಮೇ ತಿಂಗಳಲ್ಲಿ ತಣ್ಣಗಾಗುತ್ತದೆ.

ನಾನು ಮೊದಲಿದ್ದ ಆಸ್ಪತ್ರೆಗೆ ಮಾನ್ವಿ ಕಡೆಯ ಅಜ್ಜ ಒಬ್ಬರು ಬಂದಿದ್ದರು. ಕರುಳು ತೂತಾಗಿತ್ತು. ಮೂರು ತಾಸಿನ ಆಪರೇಷನ್. ಹೊಟ್ಟೆ ತೊಳೆದ ಸಲೈನ್ ಬೆಚ್ಚಗೆ ಮಾಡಿರಲಿಲ್ಲ. ಟೆಂಪರೇಚರ್ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಸ್ನಾಯು ಸಡಿಲಿಸಲು ಕೊಟ್ಟಿದ್ದು ವೆಕ್ಯುರೋನಿಯಂ. ಕೊನೆಗೆ ಅದರ ಹಿಡಿತ ಬಿಡಿಸುವ ಇಂಜೆಕ್ಷನ್, ಅದೇ ರಿವರ್ಸಲ್, ಕೊಟ್ಟು ಉಸಿರಾಟದ ಟ್ಯೂಬ್ ತೆಗೆದರು. ಅಜ್ಜನ ರೆಪ್ಪೆ ಅರ್ಧ ತೆರೆದವು. ತಲೆ ಎತ್ತಿ ಅಂದರೆ ಆಗುತ್ತಿಲ್ಲ. ಉಸಿರು ಮೇಲೆ ಮೇಲೆ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿದ್ದವು. ಕೈ ಹಿಡಿದೆ, ಮಂಜುಗಡ್ಡೆಯ ಹಾಗಿತ್ತು. ಮತ್ತೆ ಟ್ಯೂಬ್ ಹಾಕಿ, ಕಂಬಳಿ ಹೊದಿಸಿ, ಮೈ ಬೆಚ್ಚಗಾಗುವವರೆಗೆ ವೆಂಟಿಲೇಟರ್‌ನಲ್ಲಿ ಇಟ್ಟರು. ಮರುದಿನ ವಾರ್ಡಿನಲ್ಲಿ ಅಜ್ಜ ಅಂದರು, "ಎಲ್ಲಾ ಕೇಳಾಕತ್ತಿತ್ತು ಯವ್ವಾ, ಕೈ ಮಾತ್ರ ಏಳವಲ್ದಾಗಿತ್ತು."

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹೊರಟು ಸ್ನಾಯುವಿನಲ್ಲಿ ಅದನ್ನು ಹಿಡಿದುಕೊಳ್ಳುವ ಜಾಗ, ಅಂದರೆ ರಿಸೆಪ್ಟರ್, ಮೇಲೆ ಕೂತರೆ ತಾನೆ ಸ್ನಾಯು ಅಲುಗುವುದು? ವೆಕ್ಯುರೋನಿಯಂ ಆ ಜಾಗ ಹಿಡಿದು ಕೂತುಬಿಡುತ್ತದೆ. ಅದು ಜಾಗ ಬಿಡಬೇಕಾದರೆ ರಕ್ತದಲ್ಲಿ ಔಷಧ ಇಳಿಯಬೇಕು, ಅದು ಬಹುಪಾಲು ಲಿವರ್ ಕೆಲಸ. ತಣ್ಣಗಾದ ಮೈಯಲ್ಲಿ ಆ ಕೆಲಸ ನಿಧಾನ. ಒಳಮೈ ಬರೀ 2 ಡಿಗ್ರಿ ಸೆಲ್ಸಿಯಸ್ ಇಳಿದರೂ ಸಾಕು, ವೆಕ್ಯುರೋನಿಯಂ ಹಿಡಿತ ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು ಉಳಿಯುತ್ತದೆ.

ಅಟ್ರಾಕ್ಯೂರಿಯಂ ಕೂಡ ಸ್ನಾಯು ಸಡಿಲಿಸುವ ಔಷಧವೇ, ಆದರೆ ಬೇರೆ ಜಾತಿ. ಅದಕ್ಕೆ ಲಿವರ್, ಕಿಡ್ನಿ ಹಂಗು ಅಷ್ಟಿಲ್ಲ. ಮೈಯ ಬಿಸಿಗೇ ತಾನಾಗಿ ಒಡೆಯುತ್ತದೆ. ನಿಮ್ಮ ಪುಸ್ತಕದಲ್ಲಿ ಹಾಫ್‌ಮನ್ ಎಲಿಮಿನೇಷನ್ ಅಂತ ಇರುತ್ತದೆ ನೋಡು. ಅದಕ್ಕೇ ಅದರ ಆಂಪ್ಯೂಲ್‌ಗಳನ್ನು, ಅಂದರೆ ಇಂಜೆಕ್ಷನ್ನಿನ ಪುಟ್ಟ ಗಾಜಿನ ಸೀಸೆಗಳನ್ನು, 2ರಿಂದ 8 ಡಿಗ್ರಿಯಲ್ಲಿ ಫ್ರಿಜ್ಜಿನಲ್ಲಿ ಇಡುವುದು. ಬೇಸಿಗೆಯಲ್ಲಿ ಕರೆಂಟ್ ಹೋದರೆ ನಾನು ಮೊದಲು ಓಡುವುದು ಆ ಫ್ರಿಜ್ ಹತ್ತಿರ. ಆಂಪ್ಯೂಲ್ ತಣ್ಣಗಿದ್ದರೆ ಔಷಧ ಉಳಿಯುತ್ತದೆ. ಪೇಷೆಂಟ್ ತಣ್ಣಗಾದರೂ ಔಷಧ ಉಳಿಯುತ್ತದೆ, ಅಲ್ಲಿ ಉಳಿಯಬಾರದು. ಇದು ನನಗೆ ಹೊಳೆದಿದ್ದು ಎಷ್ಟೋ ವರ್ಷ ಕೆಲಸ ಮಾಡಿದ ಮೇಲೆ. ನಿನಗೆ ಈಗಲೇ ಗೊತ್ತಿರಲಿ.

ಇನ್ನೊಂದು. ಮಣಿಕಟ್ಟಿನ ಹತ್ತಿರ ನರಕ್ಕೆ ನಾಲ್ಕು ಸಲ ಕರೆಂಟ್ ಕೊಟ್ಟು ಹೆಬ್ಬೆರಳು ಎಷ್ಟು ಸಲ ಎಳೆಯಿತು ಅಂತ ಎಣಿಸುತ್ತೀರಲ್ಲ, ಆಗ ಕೈ ತಣ್ಣಗಿದ್ದರೆ ಸ್ನಾಯು ತಾನೇ ಸೋತಿರುತ್ತದೆ. ಔಷಧ ಇಳಿದಿದ್ದರೂ ಹೆಬ್ಬೆರಳು ಸುಮ್ನೆ ಸಣ್ಣಗೆ ಮಿಸುಕುತ್ತದೆ. ಹಾಗಾಗಿ ಆ ಕೈಯನ್ನು ಬಟ್ಟೆ ಸುತ್ತಿ ಬೆಚ್ಚಗಿಡು. ರಿವರ್ಸಲ್ ಕೊಡುವ ಮೊದಲು ಟೆಂಪರೇಚರ್ ಎಷ್ಟಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳು. ಚಿಕ್ಕವಳು ಅಂತ ಹಿಂಜರಿಯಬೇಡ. ಅವತ್ತು ನಾನು ಬಾಯಿ ಬಿಟ್ಟಿದ್ದರೆ ಆ ಅಜ್ಜನಿಗೆ ಅಷ್ಟು ಗಾಬರಿ ಆಗುತ್ತಿರಲಿಲ್ಲ.

ನಿಮ್ಮ ಓಟಿಯಲ್ಲಿ ಸಲೈನ್ ಬೆಚ್ಚಗೆ ಮಾಡುವ ವಾರ್ಮರ್ ಇದೆಯಾ? ನೋಡಿ ತಿಳಿಸು. ಶೇಂಗಾ ಚಟ್ನಿ ಪುಡಿ ಕುಟ್ಟಿಟ್ಟಿದ್ದೇನೆ, ಭಾನುವಾರ ನಿನ್ನಪ್ಪ ಬಸ್ಸಿಗೆ ಕೊಟ್ಟು ಕಳಿಸುತ್ತಾರೆ.

ನಿನ್ನ ಅವ್ವ